ಗರಗಸದ ಟ್ಯಾಂಕಿನಲ್ಲಿ ಏನಿದೆ?

ವಾಷಿಂಗ್ಟನ್ ನಗರದ ಎಲ್ಲೆಯೊಳಗೆ ಪೆಟ್ರೋಲಿನಿಂದ ಓಡುವ ಎಲೆ ಊದುವ ಯಂತ್ರವನ್ನು, ಅಂದರೆ ಲೀಫ್ ಬ್ಲೋವರನ್ನು, 2022ರ ಜನವರಿ 1ರಿಂದ ಮಾರುವಂತಿಲ್ಲ, ಬಳಸುವಂತಿಲ್ಲ. ಸಿಕ್ಕಿಬಿದ್ದರೆ 500 ಡಾಲರ್‌ವರೆಗೆ ದಂಡ. ನಗರಸಭೆ ಈ ಕಾನೂನನ್ನು ಒಪ್ಪಿದ್ದು 2018ರಲ್ಲಿ. ಅದರ ಹಿಂದೆ ನಿಂತವರಲ್ಲಿ ಪತ್ರಕರ್ತ ಜೇಮ್ಸ್ ಫ್ಯಾಲೋಸ್ ಒಬ್ಬರು. ನೆರೆಹೊರೆಯವರನ್ನು ಕೂಡಿಸಿಕೊಂಡು ವರ್ಷಗಟ್ಟಲೆ ಓಡಾಡಿ, ಕೊನೆಗೆ ಆ ಕಥೆಯನ್ನು ಪತ್ರಿಕೆಯಲ್ಲೂ ಬರೆದರು. ನಗರದ ಉತ್ತರದ ಗಡಿ ದಾಟಿದರೆ ಮೇರಿಲ್ಯಾಂಡಿನ ಮಾಂಟ್ಗೊಮರಿ ಕೌಂಟಿ. ಅಲ್ಲಿ 2024ರ ಜುಲೈನಿಂದ ಮಾರಾಟ ನಿಂತಿತು, 2025ರ ಜುಲೈನಿಂದ ಬಳಕೆಯೂ. ಪೊಟೊಮ್ಯಾಕ್ ನದಿಯ ಆಚೆ ದಡದ ವರ್ಜೀನಿಯಾದ್ದು ಬೇರೆಯೇ ಕಥೆ. ರಾಜ್ಯ ಕೊಟ್ಟ ಅಧಿಕಾರವನ್ನು ಬಿಟ್ಟು ಬೇರೇನನ್ನೂ ಅಲ್ಲಿನ ಕೌಂಟಿಗಳು ಚಲಾಯಿಸುವಂತಿಲ್ಲ. ಹೀಗಾಗಿ ನದಿಯ ಈ ಬದಿ ಅಪರಾಧವಾದದ್ದು ಆ ಬದಿ ದಿನಗೂಲಿ ಕೆಲಸ. ಇನ್ನೂ ದಕ್ಷಿಣಕ್ಕೆ, ಅಟ್ಲಾಂಟಾ ಇರುವ ಜಾರ್ಜಿಯಾದಲ್ಲಿ, ಗಾಳಿ ಪೂರ್ತಿ ತಿರುಗಿದೆ. 2023ರಲ್ಲಿ ರಾಜ್ಯದ ಶಾಸನಸಭೆಯೇ ಕಾನೂನು ಮಾಡಿ, ಯಾವ ನಗರವೂ ಪೆಟ್ರೋಲ್ ಬ್ಲೋವರಿಗೆ ಒಂದು ನಿಯಮ, ಬ್ಯಾಟರಿ ಬ್ಲೋವರಿಗೆ ಇನ್ನೊಂದು ನಿಯಮ ಮಾಡಬಾರದೆಂದು ಕಟ್ಟುಹಾಕಿತು.

ಹೀಗೆ ಒಂದೇ ಹೆದ್ದಾರಿಯ ಉದ್ದಕ್ಕೆ ಸಿಗುವ ಊರುಗಳಲ್ಲಿ ಒಂದು ಸಣ್ಣ ಎಂಜಿನ್ ಕುರಿತು ಪರಸ್ಪರ ಎದುರಾಗಿ ನಿಂತ ಕಾನೂನುಗಳಿವೆ. ಎರಡೂ ಕಡೆಯವರ ಮಾತಿನಲ್ಲಿ ಇರುವುದು ಎರಡೇ ದಾರಿ: ಪೆಟ್ರೋಲ್ ಇಲ್ಲವೇ ಬ್ಯಾಟರಿ. ಎಂಜಿನ್ ಹಾಗೇ ಇರಲಿ, ಅದಕ್ಕೆ ಹೊಯ್ಯುವ ಎಣ್ಣೆಯನ್ನು ಬದಲಿಸೋಣ ಎಂಬ ಮೂರನೆಯ ದಾರಿಯೊಂದು ಸ್ವೀಡನ್ನಿನಲ್ಲಿ ಮೂವತ್ತೈದು ವರ್ಷಕ್ಕೂ ಹಿಂದೆಯೇ ಶುರುವಾಗಿ, ಅಲ್ಲಿನ ಕಾಡುಗಳಲ್ಲಿ ಮಾಮೂಲಾಗಿದೆ. ಆಲ್ಕೈಲೇಟ್ ಎಂಬುದು ಆ ಎಣ್ಣೆಯ ಹೆಸರು. ಅಮೆರಿಕದ ಆಗ್ನೇಯ ಭಾಗದಲ್ಲಿ ಅದಕ್ಕೆ ಎಷ್ಟು ಬೆಲೆ ಕೊಡಬಹುದು, ಯಾವ ಕಾರಣಕ್ಕೆ ಕೊಡಬೇಕು ಎಂಬುದು ಇಲ್ಲಿನ ಪ್ರಶ್ನೆ. ಕಾರಣ ಯಾವುದೆಂಬ ಬಗ್ಗೆ ನನಗೆ ಒಂದು ಗಟ್ಟಿ ಅಭಿಪ್ರಾಯವಿದೆ. ಅದು ಸಾಮಾನ್ಯವಾಗಿ ಕೇಳಿಬರುವ ಕಾರಣವಲ್ಲ.

ಟೂ ಸ್ಟ್ರೋಕ್ ಎಂಜಿನ್ ಹೇಗೆ ಕೆಲಸ ಮಾಡುತ್ತದೆಂದು ಮೈಸೂರಿನವರಿಗೆ ಹೇಳಿಕೊಡಬೇಕಾಗಿಲ್ಲ. 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಆ ಊರಿನಿಂದ ಜಾವಾ, ಯೆಜ್ಡಿ ಬೈಕುಗಳನ್ನು ದೇಶಕ್ಕೆಲ್ಲ ಕಳಿಸಿತು. ಎಲ್ಲವೂ ಟೂ ಸ್ಟ್ರೋಕ್. ಪೆಟ್ರೋಲ್ ಬಂಕಿನಲ್ಲಿ ಪೆಟ್ರೋಲಿನ ಜತೆ ಆಯಿಲ್ ಅಳೆದು ಹಾಕಿಸಿಕೊಂಡು ಹಿಂದೆ ನೀಲಿ ಹೊಗೆ ಬಿಟ್ಟುಕೊಂಡು ಹೋದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಈ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ. ಸುಟ್ಟ ಹೊಗೆ ಹೊರಗೆ ಹೋಗುವುದೂ ಹೊಸ ಪೆಟ್ರೋಲ್–ಗಾಳಿಯ ಮಿಶ್ರಣ ಒಳಗೆ ಬರುವುದೂ ಒಟ್ಟೊಟ್ಟಿಗೆ, ಎರಡು ಬಾಗಿಲೂ ತೆರೆದಿರುವಾಗ. ಕಸ ಗುಡಿಸುವ ಭರದಲ್ಲಿ ಮನೆಯ ಸಾಮಾನನ್ನೂ ಬೀದಿಗೆ ತಳ್ಳಿದ ಹಾಗೆ, ಒಳಬಂದ ಇಂಧನದ ಶೇ. 25ರಿಂದ 30ರಷ್ಟು ಭಾಗ ಸುಡದೆಯೇ ಹೊಗೆಕೊಳವೆಯಿಂದ ಹೊರಬೀಳುವುದುಂಟು. ಇಷ್ಟು ದಂಡವಾದರೂ ಇಂಥ ಎಂಜಿನ್ ಉಳಿದುಬಂದಿದೆ, ಏಕೆಂದರೆ ಅದು ಹಗುರ, ಅದನ್ನು ಹೇಗೆ ತಿರುಗಿಸಿ ಹಿಡಿದರೂ ಓಡುತ್ತದೆ, ಬಿಚ್ಚಿ ಜೋಡಿಸುವುದೂ ಸುಲಭ. ಮರದ ಮೇಲೆ ಹಗ್ಗ ಕಟ್ಟಿಕೊಂಡು ಒಂದೇ ಕೈಯಲ್ಲಿ ಕೊಂಬೆ ಕತ್ತರಿಸುವವನಿಗೆ ಈ ಮೂರೂ ಬೇಕು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಇಪಿಎ, ಸುಮ್ಮನೆ ಕೂತಿರಲಿಲ್ಲ. 1990ರ ದಶಕದ ಮೊದಲ ಹಂತದ ನಿಯಮದಲ್ಲಿ 20ರಿಂದ 50 ಸಿಸಿಯ ಕೈಯಂತ್ರಗಳು ಪ್ರತಿ ಕಿಲೋವ್ಯಾಟ್ ಗಂಟೆಗೆ 241 ಗ್ರಾಂ ಹೈಡ್ರೋಕಾರ್ಬನ್ ಉಗುಳಲು ಅವಕಾಶವಿತ್ತು. ಎರಡನೆಯ ಹಂತದಲ್ಲಿ ಆ ಮಿತಿ ನೈಟ್ರೋಜನ್ ಆಕ್ಸೈಡನ್ನೂ ಸೇರಿಸಿ 50ಕ್ಕೆ ಇಳಿಯಿತು. ಈಗಿನ ಮೋಟಾರು ಗರಗಸಗಳಲ್ಲಿ, ಅಂದರೆ ಚೈನ್‌ಸಾಗಳಲ್ಲಿ, ಮೊದಲು ಬರೀ ಗಾಳಿಯನ್ನು ಒಳಬಿಟ್ಟು ಹೊಗೆಯನ್ನು ತಳ್ಳಿ, ಅದರ ಬೆನ್ನಿಗೆ ಇಂಧನ ಬಿಡುವ ಉಪಾಯವಿದೆ. ಈ ಕೆಲಸ ಮಾಡಿದ ಎರಡು ದೊಡ್ಡ ಕಂಪನಿಗಳ ಅಮೆರಿಕದ ಕೇಂದ್ರಗಳೂ ಈ ಸೀಮೆಯಲ್ಲೇ ಇವೆ: ಜರ್ಮನಿಯ ಸ್ಟೀಲ್ ವರ್ಜೀನಿಯಾ ಬೀಚಿನಲ್ಲಿ, ಸ್ವೀಡನ್ನಿನ ಹುಸ್ಕ್‌ವಾರ್ನಾ ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿ. ಯಂತ್ರ ಸುಧಾರಿಸಿತು. ಟ್ಯಾಂಕಿಗೆ ಹೊಯ್ಯುವ ಪೆಟ್ರೋಲ್ ಮಾತ್ರ ಕಾರಿಗೆ ಹಾಕುವ ಪೆಟ್ರೋಲೇ ಆಗಿ ಉಳಿಯಿತು.

ಕಾರಿನ ಪೆಟ್ರೋಲ್ ಒಂದು ವಸ್ತುವಲ್ಲ, ನೂರಾರು ವಸ್ತುಗಳ ಮಿಶ್ರಣ. ಅದರಲ್ಲಿ ಐದನೆಯ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಆರೊಮ್ಯಾಟಿಕ್ ಎನ್ನುವ ಜಾತಿಯವು: ಟಾಲ್ಯುಯೀನ್, ಕ್ಸೈಲೀನ್, ಬೆಂಜೀನ್. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ ಎನ್ನುವುದರಲ್ಲಿ ವೈದ್ಯರಲ್ಲಿ ಎರಡು ಮಾತಿಲ್ಲ. ಹಾಗಾಗಿ 2011ರಿಂದ ಅಮೆರಿಕದ ಪೆಟ್ರೋಲಿನಲ್ಲಿ ಅದರ ಸರಾಸರಿ ಶೇ. 0.62 ಮೀರಬಾರದೆಂದು ನಿಯಮವಿದೆ. ಕಾರಿನಲ್ಲಿ ಇದು ದೊಡ್ಡ ತೊಂದರೆಯಲ್ಲ. ಬಹುಪಾಲು ಸುಟ್ಟುಹೋಗುತ್ತದೆ, ಉಳಿದದ್ದನ್ನು ಕ್ಯಾಟಲಿಟಿಕ್ ಕನ್ವರ್ಟರ್ ನುಂಗುತ್ತದೆ, ಹೊಗೆ ಹಿಂದಿನಿಂದ ಹೋಗುತ್ತದೆ, ಸವಾರ ಗಾಜಿನೊಳಗೆ ಕೂತಿರುತ್ತಾನೆ. ಗರಗಸ ಹಿಡಿದವನ ಮೂಗಿಗೂ ಹೊಗೆಕೊಳವೆಗೂ ಒಂದು ಮಾರು ದೂರವಿರುವುದಿಲ್ಲ, ಮೇಲೆ ಇಂಧನದ ಒಂದು ಪಾಲು ಹಸಿಯಾಗಿಯೇ ಹೊರಬರುತ್ತಿರುತ್ತದೆ.

ಆಲ್ಕೈಲೇಟ್ ತಯಾರಾಗುವುದು ಇನ್ನೊಂದು ಕ್ರಮದಲ್ಲಿ. ಕಚ್ಚಾತೈಲದ ಸಂಸ್ಕರಣೆಯಲ್ಲಿ ಸಿಗುವ ಐಸೊಬ್ಯುಟೇನ್ ಮತ್ತು ಬ್ಯುಟೀನ್ ಎಂಬ ಅನಿಲಗಳನ್ನು ತೀಕ್ಷ್ಣ ಆಮ್ಲವೊಂದರ ಸಮಕ್ಷಮದಲ್ಲಿ ಕೂಡಿಸಿದರೆ ಕೊಂಬೆಕೊಂಬೆಯಾದ ಅಣುಗಳ ಒಂದು ತಿಳಿ ದ್ರವ ಬರುತ್ತದೆ. ಆರೊಮ್ಯಾಟಿಕ್ ಅದರಲ್ಲಿ ಇಲ್ಲವೆನ್ನುವಷ್ಟು, ಗಂಧಕವೂ ಅಷ್ಟೇ. ವಾಸನೆಯೂ ಕಡಿಮೆ. ಆಕ್ಟೇನ್ ಮಟ್ಟ ಮಾತ್ರ ಚೆನ್ನಾಗಿರುತ್ತದೆ. ಇದನ್ನು 1930ರ ದಶಕದ ಕೊನೆಯಲ್ಲಿ ರೂಪಿಸಿದ್ದು ವಿಮಾನಕ್ಕಾಗಿ. ಎರಡನೆಯ ಮಹಾಯುದ್ಧದ ವಿಮಾನಗಳ ಹೊಟ್ಟೆ ತುಂಬಿಸಿದ 100 ಆಕ್ಟೇನ್ ಇಂಧನದ ಜೀವಾಳ ಇದೇ. ಯುದ್ಧದ ನಂತರ ಅದು ಕಾರಿನ ಪೆಟ್ರೋಲಿಗೆ ಬೆರೆಸುವ ಒಳ್ಳೆಯ ಅಂಶವಾಗಿ ಉಳಿಯಿತು. ಅದನ್ನಷ್ಟೇ ಬೇರೆಯಾಗಿ ಡಬ್ಬಿಗೆ ತುಂಬಿ ಗರಗಸದವರಿಗೆ ಮಾರಬಹುದೆಂದು ಹೊಳೆದದ್ದು 1980ರ ದಶಕದ ಸ್ವೀಡನ್ನಿನಲ್ಲಿ. ಗೋಥೆನ್‌ಬರ್ಗಿನ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಯೋರಾನ್ ಪೆಟರ್‌ಸನ್ ಮತ್ತು ಜತೆಗಾರರು ಗರಗಸದ ಹೊಗೆಯಲ್ಲಿ ಏನೇನಿದೆ ಎಂದು ಬಿಡಿಸಿ ನೋಡುತ್ತಿದ್ದರು. ಅದೇ ಸೀಮೆಯ ಆಸ್ಪೆನ್ ಕಂಪನಿ 1988ರಲ್ಲಿ ಡಬ್ಬಿ ಇಂಧನವನ್ನು ಮಾರುಕಟ್ಟೆಗೆ ತಂದಿತು. ಸ್ವೀಡನ್ ಅದಕ್ಕೊಂದು ರಾಷ್ಟ್ರೀಯ ಮಾನದಂಡವನ್ನೂ ಬರೆಯಿತು: ಬೆಂಜೀನ್ ಶೇ. 0.1 ದಾಟಬಾರದು. ಸ್ವಿಟ್ಜರ್ಲೆಂಡ್ ಕೂಡ ತನ್ನದೊಂದನ್ನು ಮಾಡಿಕೊಂಡಿತು.

'ಶುದ್ಧ ಇಂಧನ' ಎಂಬ ಡಬ್ಬಿಯ ಮೇಲಿನ ಮಾತಿಗೆ ಒಂದು ಅಡಿಟಿಪ್ಪಣಿ ಬೇಕು. ಆ ತೀಕ್ಷ್ಣ ಆಮ್ಲ ಗಂಧಕಾಮ್ಲವಾಗಿರಬಹುದು, ಇಲ್ಲವೇ ಹೈಡ್ರೋಫ್ಲೋರಿಕ್ ಆಮ್ಲ. ಎರಡನೆಯದು ಗಾಳಿಗೆ ಬಿಟ್ಟರೆ ಮೈಲಿಗಟ್ಟಲೆ ಹರಡಿ ಶ್ವಾಸಕೋಶವನ್ನು ಸುಡುವಂಥದು. 2019ರ ಜೂನ್ 21ರ ಬೆಳಗಿನ ಜಾವ ಫಿಲಡೆಲ್ಫಿಯಾದ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟಿಸಿದ್ದು ಈ ಆಲ್ಕೈಲೇಷನ್ ಘಟಕವೇ. ಹಳೆಯದಾಗಿ ಸವೆದಿದ್ದ ಕೊಳವೆಯ ಮೊಣಕೈ ಒಡೆದಿತ್ತು. ಐದು ಸಾವಿರ ಪೌಂಡಿಗೂ ಹೆಚ್ಚು ಆ ಆಮ್ಲ ಹೊರಬಿತ್ತು. ಲಕ್ಷಾಂತರ ಜನರಿರುವ ಊರು ಅದೃಷ್ಟದಿಂದ ಪಾರಾಯಿತು, ಕಾರ್ಖಾನೆ ಮತ್ತೆ ತೆರೆಯಲಿಲ್ಲ. ಗರಗಸದವನ ಮೂಗಿನ ಮುಂದಿನ ವಿಷವನ್ನು ತೆಗೆಯುವ ಎಣ್ಣೆ ಇನ್ನೊಂದು ಊರಿನ ಅಂಚಿನಲ್ಲಿ ಇನ್ನೊಂದು ವಿಷವನ್ನು ಇಟ್ಟುಕೊಂಡೇ ಹುಟ್ಟುತ್ತದೆ. ಆದರೆ ಆಲ್ಕೈಲೇಟಿನ ಬಹುಪಾಲು ಹೋಗುವುದು ಕಾರಿನ ಪೆಟ್ರೋಲಿಗೆ. ಡಬ್ಬಿಗೆ ಬರುವುದು ಅದರ ಚೂರು. ಹಾಗಾಗಿ ಫಿಲಡೆಲ್ಫಿಯಾದ ಲೆಕ್ಕವನ್ನು ಗರಗಸದವನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಈಗ ಕಾರಣದ ವಿಷಯ. ಸಣ್ಣ ಎಂಜಿನ್ ವಿರುದ್ಧದ ವಾದ ಹೆಚ್ಚಾಗಿ ಬರುವುದು ಕ್ಯಾಲಿಫೋರ್ನಿಯಾದಿಂದ. ವೃತ್ತಿಪರರ ಬ್ಲೋವರ್ ಒಂದು ಗಂಟೆ ಓಡಿದರೆ ಹೊಗೆಮಂಜು ಹುಟ್ಟಿಸುವ ಮಾಲಿನ್ಯದಲ್ಲಿ ಅದು ಟೊಯೋಟಾ ಕ್ಯಾಮ್ರಿಯಲ್ಲಿ ಲಾಸ್ ಏಂಜಲೀಸಿನಿಂದ ಡೆನ್ವರ್‌ವರೆಗೆ, ಸುಮಾರು 1,100 ಮೈಲಿ, ಹೋದದ್ದಕ್ಕೆ ಸಮ ಎಂಬ ಲೆಕ್ಕ ಅಲ್ಲಿನ ವಾಯು ಮಂಡಳಿಯದು. ಆ ರಾಜ್ಯ 2024ರಿಂದ ಹೊಸ ಸಣ್ಣ ಪೆಟ್ರೋಲ್ ಎಂಜಿನ್‌ಗಳ ಮಾರಾಟವನ್ನೇ ಬಹುಪಾಲು ನಿಲ್ಲಿಸಿದೆ. ಆಲ್ಕೈಲೇಟ್ ಮಾರುವವರೂ ಇದೇ ದಾರಿ ಹಿಡಿದು, ನಮ್ಮ ಎಣ್ಣೆಯ ಹೊಗೆಯಿಂದ ಓಝೋನ್ ಕಡಿಮೆ ಹುಟ್ಟುತ್ತದೆ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಲಾಸ್ ಏಂಜಲೀಸಿನ ಮಾತು ಅಟ್ಲಾಂಟಾಕ್ಕೆ ಹೊಂದುವುದಿಲ್ಲ. ಹೊಂದುವುದಿಲ್ಲವೆಂದು ತೋರಿಸಿದ್ದೂ ಅಟ್ಲಾಂಟಾದವರೇ.

ನೆಲಮಟ್ಟದ ಓಝೋನಿಗೆ ಮೂರು ಬೇಕು: ಬಿಸಿಲು, ನೈಟ್ರೋಜನ್ ಆಕ್ಸೈಡ್, ಹೈಡ್ರೋಕಾರ್ಬನ್. ಇವುಗಳಲ್ಲಿ ಯಾವುದು ಕೊರತೆಯೋ ಅದನ್ನು ತಗ್ಗಿಸಿದರೆ ಓಝೋನ್ ತಗ್ಗುತ್ತದೆ. ಧಾರಾಳವಾಗಿರುವುದನ್ನು ಸ್ವಲ್ಪ ತೆಗೆದರೆ ಏನೂ ಆಗುವುದಿಲ್ಲ. 1988ರಲ್ಲಿ ಜಾರ್ಜಿಯಾ ಟೆಕ್‌ನ ವಿಲಿಯಂ ಚಮೈಡಿಸ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಅಟ್ಲಾಂಟಾವನ್ನೇ ಉದಾಹರಣೆಯಾಗಿಟ್ಟು ಒಂದು ಲೇಖನ ಬರೆದರು. ಊರಿನ ಓಕ್, ಸ್ವೀಟ್‌ಗಮ್ ಮರಗಳು ಬೇಸಿಗೆಯ ಬಿಸಿಲಲ್ಲಿ ಐಸೊಪ್ರೀನ್ ಎಂಬ ಹೈಡ್ರೋಕಾರ್ಬನ್ನನ್ನು ಸುರಿಸುತ್ತವೆ. ಅದು ಎಷ್ಟೆಂದರೆ, ಮನುಷ್ಯ ಬಿಡುವ ಹೈಡ್ರೋಕಾರ್ಬನ್ನನ್ನು ಎಷ್ಟೇ ಕಡಿದರೂ ಓಝೋನ್ ಕದಲುವುದು ಕಷ್ಟ, ಕಡಿಯಬೇಕಾದ್ದು ನೈಟ್ರೋಜನ್ ಆಕ್ಸೈಡನ್ನು. ಇದಕ್ಕೆ ಕೆಲವು ವರ್ಷ ಮೊದಲು ರೊನಾಲ್ಡ್ ರೇಗನ್ ಮರಗಳೂ ಮಾಲಿನ್ಯ ಮಾಡುತ್ತವೆ ಎಂದು ಹೇಳಿ ದೇಶದ ನಗೆಪಾಟಲಿಗೆ ಗುರಿಯಾಗಿದ್ದರು. ಅವರು ಹೇಳಿದ ರೀತಿ ತಪ್ಪು. ವಿಷಯದಲ್ಲಿ ಹುರುಳಿಲ್ಲದಿರಲಿಲ್ಲ. ಅಟ್ಲಾಂಟಾದ ನೆಲದ ಹತ್ತಿರ ಹತ್ತಿರ ಅರ್ಧ ಭಾಗ ಮರಗಳ ನೆರಳಿನಲ್ಲಿದೆ. ಕ್ಯಾರೊಲಿನಾದ ಪಶ್ಚಿಮಕ್ಕೆ ಸಾಲುಗಟ್ಟಿದ ಬೆಟ್ಟಗಳಿಗೆ ಬ್ಲೂ ರಿಜ್ ಎಂಬ ಹೆಸರು ಬಂದದ್ದೂ ಮರಗಳೇ ಬಿಟ್ಟ ಉಸಿರಿನ ನೀಲಿ ಮಬ್ಬಿನಿಂದ.

ಟೂ ಸ್ಟ್ರೋಕ್ ಉಗುಳುವುದು ಹೈಡ್ರೋಕಾರ್ಬನ್ ಮತ್ತು ಕಾರ್ಬನ್ ಮೊನಾಕ್ಸೈಡ್. ನೈಟ್ರೋಜನ್ ಆಕ್ಸೈಡ್ ಅದರಲ್ಲಿ ತೀರ ಕಡಿಮೆ. ಐಸೊಪ್ರೀನಿನಲ್ಲಿ ಮುಳುಗಿದ ಊರಿನಲ್ಲಿ ಗರಗಸದ ಎಣ್ಣೆ ಬದಲಿಸಿ ಆಕಾಶವನ್ನು ತೊಳೆಯುತ್ತೇವೆ ಎನ್ನುವುದು ಹಾಗಾಗಿ ಹುಸಿ ಭರವಸೆ. ಆಲ್ಕೈಲೇಟ್ ಸದ್ದನ್ನೂ ತಗ್ಗಿಸುವುದಿಲ್ಲ. ವಾಷಿಂಗ್ಟನ್ನಿನ ಕಾನೂನು ಹುಟ್ಟಿದ್ದು ಅರ್ಧಕ್ಕಿಂತ ಹೆಚ್ಚು ಆ ಕರ್ಕಶ ಸದ್ದಿಗೆ ಬೇಸತ್ತವರಿಂದ. ಕಾರ್ಬನ್ ಮೊನಾಕ್ಸೈಡೂ ಹೆಚ್ಚೇನೂ ಇಳಿಯುವುದಿಲ್ಲ. ಇಷ್ಟನ್ನೆಲ್ಲ ಕಳೆದ ಮೇಲೆ ಉಳಿಯುವ ಲಾಭ ಒಂದು, ಅದು ಯಂತ್ರ ಹಿಡಿದವನ ಮೈಗೆ ನೇರವಾಗಿ ತಟ್ಟುವಂಥದು: ಬೆಂಜೀನ್ ಮತ್ತು ಅದರ ಬಳಗ ಅವನ ಉಸಿರಿನಿಂದ ದೂರವಾಗುತ್ತದೆ. ಕೆಲಸದ ಜಾಗದ ಗಾಳಿಯಲ್ಲಿ ಎಂಟು ಗಂಟೆಯ ಸರಾಸರಿಗೆ ದಶಲಕ್ಷಕ್ಕೆ ಒಂದು ಭಾಗ ಬೆಂಜೀನ್ ಎಂಬುದು ಅಮೆರಿಕದ ಕಾರ್ಮಿಕ ಸುರಕ್ಷತೆಯ ಕಾನೂನಿನ ಮಿತಿ. ಅದರ ಹತ್ತನೆಯ ಒಂದು ಭಾಗ ಸಾಕು ಎನ್ನುವುದು ಕೇಂದ್ರ ಸರ್ಕಾರದ್ದೇ ಇನ್ನೊಂದು ಸಂಶೋಧನಾ ಸಂಸ್ಥೆಯ ಸಲಹೆ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಬೆಂಜೀನ್ ಒಂದನ್ನೇ ಅಲ್ಲ, ವಾಹನದ ಪೆಟ್ರೋಲನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಸ್ವೀಡನ್ನಿನಲ್ಲಿ ಆಲ್ಕೈಲೇಟ್ ಬೇರೂರಿದ್ದು ಕಾಡಿನ ಕೆಲಸಗಾರರ ತಲೆನೋವು, ಕಣ್ಣುರಿ, ವಾಕರಿಕೆಯ ಮಾತಿನಿಂದ. ಓಝೋನಿನ ಮಾತು ಆಮೇಲೆ ಸೇರಿಕೊಂಡದ್ದು.

ಯಂತ್ರ ಹಿಡಿದವರು ಯಾರು ಎಂದು ನೋಡಿದರೆ ಪ್ರಶ್ನೆಗೆ ಇನ್ನೊಂದು ಮುಖ ಬರುತ್ತದೆ. ಹರ್ನ್‌ಡನ್, ಆಶ್‌ಬರ್ನ್, ಕ್ಯಾರಿ, ಆಲ್ಫರೆಟ್ಟಾ: ಕನ್ನಡಿಗರು ತುಂಬಿರುವ ಈ ಉಪನಗರಗಳಲ್ಲಿ ಮನೆಯ ಮುಂದಿನ ಹುಲ್ಲು ಕತ್ತರಿಸುವವರು, ಎಲೆ ಊದುವವರು, ಮರ ಇಳಿಸುವವರು ಹೆಚ್ಚಾಗಿ ಮೆಕ್ಸಿಕೊ, ಗ್ವಾಟೆಮಾಲಾ, ಎಲ್ ಸಾಲ್ವಡಾರ್ ಕಡೆಯಿಂದ ಬಂದವರು. ವಾಷಿಂಗ್ಟನ್ನಿನ ಕಾವೇರಿ ಸಂಘದಲ್ಲೋ ಅಟ್ಲಾಂಟಾದ ನೃಪತುಂಗ ಕೂಟದಲ್ಲೋ ಯುಗಾದಿ ಊಟಕ್ಕೆ ಕೂತಾಗ ಲಾನಿನ ಮಾತು ಬಂದೇ ಬರುತ್ತದೆ, ಬಡಾವಣೆಯ ಮನೆಮಾಲೀಕರ ಸಂಘ, ಅಂದರೆ ಎಚ್‌ಒಎ, ಕಳಿಸಿದ ನೋಟಿಸಿನ ಮಾತೂ. ಆ ಕೆಲಸದವನು ಏನು ಉಸಿರಾಡುತ್ತಾನೆ ಎಂಬ ಮಾತು ಬರುವುದು ಅಪರೂಪ. ಬೆಳಗಿನ ಮೀಟಿಂಗಿಗೆ ಅಡ್ಡಿಯಾಗುವ ಸದ್ದನ್ನು ನಾವು ಬೇಗ ಗುರುತಿಸುತ್ತೇವೆ, ಏಕೆಂದರೆ ಅದು ಗಾಜು ದಾಟಿ ಒಳಗೆ ಬರುತ್ತದೆ. ಬೆಂಜೀನ್ ಅಂಗಳದಲ್ಲೇ ಉಳಿಯುತ್ತದೆ.

ಅಮೆರಿಕದಲ್ಲಿ ಡಬ್ಬಿ ಇಂಧನ ಸಿಗುವುದಿಲ್ಲವೇ? ಧಾರಾಳ ಸಿಗುತ್ತದೆ. ಹೋಮ್ ಡಿಪೊ, ಲೋಸ್ ಅಂಗಡಿಗಳ ಕಪಾಟಿನಲ್ಲಿ ಆಯಿಲ್ ಬೆರೆಸಿಯೇ ಇಟ್ಟ ಕ್ವಾರ್ಟ್ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. ಆದರೆ ಅವು ಮಾರಾಟವಾಗುವುದು ಶ್ವಾಸಕೋಶದ ಹೆಸರಿನಲ್ಲಲ್ಲ, ಕಾರ್ಬೊರೇಟರಿನ ಹೆಸರಿನಲ್ಲಿ. ಇಲ್ಲಿನ ಬಂಕಿನ ಪೆಟ್ರೋಲಿನಲ್ಲಿ ಶೇ. 10ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಹೆಚ್ಚಾದರೆ ನೀರು–ಎಥನಾಲ್ ಒಟ್ಟಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ ಬೀಳುತ್ತದೆ. ಚಳಿಗಾಲವಿಡೀ ಗ್ಯಾರೇಜಿನಲ್ಲಿ ಮಲಗಿದ್ದ ಯಂತ್ರ ವಸಂತದಲ್ಲಿ ಹಗ್ಗ ಎಳೆದೆಳೆದು ತೋಳು ಸೋತರೂ ಏಳುವುದಿಲ್ಲ. ರಿಪೇರಿಯವನು ಕಾರ್ಬೊರೇಟರ್ ಬಿಚ್ಚಿ ತೊಳೆದು ದುಡ್ಡು ಕೇಳುತ್ತಾನೆ. ಇದರಿಂದ ಬೇಸತ್ತವರು ಡಬ್ಬಿ ಕೊಳ್ಳುತ್ತಾರೆ. ಮುಚ್ಚಿದ ಡಬ್ಬಿ ವರ್ಷಗಟ್ಟಲೆ ಕೆಡುವುದಿಲ್ಲ. ಎಥನಾಲ್ ಶೇ. 15 ಇರುವ ಪೆಟ್ರೋಲನ್ನಂತೂ ಸಣ್ಣ ಎಂಜಿನ್ನಿಗೆ ಹಾಕಲೇಬಾರದೆಂದು ಇಪಿಎ ಬಂಕುಗಳಲ್ಲಿ ಚೀಟಿ ಅಂಟಿಸಿದೆ.

ಇಲ್ಲೇ ಒಂದು ಗೊಂದಲ ಹುಟ್ಟುತ್ತದೆ. 'ಎಥನಾಲ್ ಇಲ್ಲದ್ದು' ಎಂದರೆ ಆಲ್ಕೈಲೇಟ್ ಎಂದು ಬಹಳ ಜನ ತಿಳಿಯುತ್ತಾರೆ. ಕ್ಯಾರೊಲಿನಾಗಳ ಎಷ್ಟೋ ಬಂಕುಗಳಲ್ಲಿ ದೋಣಿಯವರಿಗೆಂದು ಎಥನಾಲ್ ಇಲ್ಲದ ಪೆಟ್ರೋಲ್ ಸಿಗುತ್ತದೆ. ವಾಷಿಂಗ್ಟನ್ ಸುತ್ತಮುತ್ತ, ಹೊಗೆಮಂಜಿನ ಕಾರಣಕ್ಕೆ ವಿಶೇಷ ಪೆಟ್ರೋಲ್ ಕಡ್ಡಾಯವಾದ್ದರಿಂದ, ಅದನ್ನು ಹುಡುಕುವುದು ಕಷ್ಟ. ಎಥನಾಲ್ ಇಲ್ಲದ ಆ ಪೆಟ್ರೋಲ್ ಕಾರ್ಬೊರೇಟರಿಗೆ ಒಳ್ಳೆಯದೇ ಸರಿ. ಆದರೆ ಬೆಂಜೀನ್, ಟಾಲ್ಯುಯೀನ್ ಎಲ್ಲವೂ ಅದರಲ್ಲಿ ಇದ್ದೇ ಇರುತ್ತವೆ. ಎಥನಾಲ್ ಕೊಡುತ್ತಿದ್ದ ಆಕ್ಟೇನನ್ನು ತುಂಬಲು ಆರೊಮ್ಯಾಟಿಕ್ ಇನ್ನಷ್ಟು ಸೇರಿರಲೂಬಹುದು. ಡಬ್ಬಿಗಳಲ್ಲೂ ಎಲ್ಲವೂ ಒಂದೇ ಅಲ್ಲ. ಮುಖದ ಮೇಲಿನ ದೊಡ್ಡ ಅಕ್ಷರ ಬಿಟ್ಟು ಆ ಉತ್ಪನ್ನದ ಸುರಕ್ಷತಾ ಪತ್ರವನ್ನು ತೆಗೆದು ಓದಬೇಕು. ಅದರಲ್ಲಿ ಆಲ್ಕೈಲೇಟ್ ನಾಫ್ತಾ ಎಂದಿದೆಯೇ, ಟಾಲ್ಯುಯೀನ್ ಎಷ್ಟಿದೆ ಎಂದು ನೋಡಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಸ್ವೀಡನ್ನಿನವರು ಮಾನದಂಡದ ಸಂಖ್ಯೆ ನೋಡಿ ಕೊಂಡುಬಿಡುತ್ತಾರೆ. ಇಲ್ಲಿ ಆ ಸುಖವಿಲ್ಲ.

ಊರಿನ ಮಾತನ್ನೂ ಇಲ್ಲೇ ಆಡಿಬಿಡುವುದು ಒಳ್ಳೆಯದು. ಮಲೆನಾಡಿನ, ಕರಾವಳಿಯ ಅಡಿಕೆ ತೋಟಗಳಲ್ಲಿ ಕೂಲಿಯಾಳು ಸಿಗದಾದ ಮೇಲೆ ಟೂ ಸ್ಟ್ರೋಕ್ ಮನೆಮನೆಗೆ ಬಂದಿದೆ: ಹುಲ್ಲು ಹೊಡೆಯುವ ಯಂತ್ರ, ಔಷಧಿ ಸಿಂಪಡಿಸುವ ಪಂಪು, ಮರ ಕೊಯ್ಯುವ ಗರಗಸ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು 2019ರ ಹೊತ್ತಿಗೆ ಜನರ ಕಣ್ಣಿಗೆ ಬಿದ್ದ ತಮ್ಮ ಅಡಿಕೆ ಮರ ಹತ್ತುವ ಯಂತ್ರಕ್ಕೂ ಜೋಡಿಸಿದ್ದು ಇಂಥ ಸಣ್ಣ ಎಂಜಿನ್ನನ್ನೇ, ಮತ್ತು ಅಲ್ಲಿ ಹೊಗೆ ಏಳುವುದು ಕೂತವನ ಮೈಯ ಹತ್ತಿರವೇ. ಅಮೆರಿಕದಲ್ಲಿ ಶೇ. 15ರ ಎಥನಾಲ್ ಬೇಡವೆಂದರೆ ಭಾರತದಲ್ಲಿ 2025ರ ಹೊತ್ತಿಗೆ ಬಂಕಿನ ಪೆಟ್ರೋಲೇ ಶೇ. 20ರದ್ದಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಆಗುಂಬೆ, ಸುಳ್ಯದ ಕಡೆ ಆ ಪೆಟ್ರೋಲ್ ಟ್ಯಾಂಕಿನಲ್ಲಿ ಏನಾಗುತ್ತದೆಂದು ಕಾರ್ಬೊರೇಟರ್ ಬಿಚ್ಚುವ ಹುಡುಗರನ್ನು ಕೇಳಬೇಕು. ತಮಾಷೆಯೆಂದರೆ ಗುಜರಾತಿನ ಜಾಮ್‌ನಗರದ ಸಂಸ್ಕರಣಾಗಾರದಲ್ಲಿ ಜಗತ್ತಿನ ದೊಡ್ಡ ಆಲ್ಕೈಲೇಷನ್ ಘಟಕಗಳಲ್ಲಿ ಒಂದಿದೆ, ಅಲ್ಲಿಂದ ಪೆಟ್ರೋಲಿಗೆ ಬೆರೆಸುವ ದ್ರವಗಳು ಹಡಗೇರಿ ಅಮೆರಿಕದ ಪೂರ್ವ ಕರಾವಳಿಗೂ ಹೋಗುತ್ತವೆ.

ಎಣ್ಣೆ ಬದಲಿಸುವುದು ಡಬ್ಬಿ ತೆರೆದು ಹೊಯ್ದಷ್ಟು ಸುಲಭವೇ? ಹೊಸ ಯಂತ್ರಕ್ಕೆ ಹೌದು. ಹತ್ತು ವರ್ಷ ಬಂಕಿನ ಪೆಟ್ರೋಲ್ ಕುಡಿದ ಗರಗಸಕ್ಕೆ ಅಲ್ಲ. ಆರೊಮ್ಯಾಟಿಕ್ ರಬ್ಬರನ್ನು ಉಬ್ಬಿಸುತ್ತದೆ. ಉಬ್ಬಿದ ಸ್ಥಿತಿಯಲ್ಲೇ ಸೀಲು, ಪೈಪು, ಡಯಾಫ್ರಾಮುಗಳು ಕೂತು ಹೊಂದಿಕೊಂಡಿರುತ್ತವೆ. ಆಲ್ಕೈಲೇಟ್ ಬಂದಾಗ ಅವು ಕುಗ್ಗಿ, ಗಟ್ಟಿಯಾಗಿ, ಸಂದಿಯಲ್ಲಿ ಇಂಧನವೋ ಗಾಳಿಯೋ ಸೋರಬಹುದು. ಹಳೆಯ ಯಂತ್ರವಾದರೆ ಇಂಧನದ ಪೈಪು ಮತ್ತು ಕಾರ್ಬೊರೇಟರಿನ ಕಿಟ್ ಬದಲಿಸಿಯೇ ಶುರುಮಾಡುವುದು ಕ್ಷೇಮ. ಎರಡನೆಯದು ಸಾಂದ್ರತೆ. ಬಂಕಿನ ಪೆಟ್ರೋಲ್ ಲೀಟರಿಗೆ ಸುಮಾರು 740 ಗ್ರಾಂ ತೂಗಿದರೆ ಆಲ್ಕೈಲೇಟ್ 690ರ ಆಸುಪಾಸು. ಅದೇ ತೂತಿನಿಂದ ಕಡಿಮೆ ತೂಕದ ಇಂಧನ ಒಳಗೆ ಹೋಗುತ್ತದೆ, ಎಂಜಿನ್ ಬಡಕಲು ಮಿಶ್ರಣದಲ್ಲಿ ಓಡಿ ಕಾಯುತ್ತದೆ. ತಿರುಪು ತಿರುಗಿಸಿ ಮಿಶ್ರಣ ಹೊಂದಿಸಬೇಕು. ಇತ್ತೀಚಿನ ದುಬಾರಿ ಗರಗಸಗಳು ತಾವೇ ಹೊಂದಿಸಿಕೊಳ್ಳುತ್ತವೆ. ಇವತ್ತು ಡಬ್ಬಿ, ನಾಳೆ ಬಂಕು ಎಂದು ಅದಲುಬದಲು ಮಾಡುವುದು ರಬ್ಬರಿಗೂ ಒಳ್ಳೆಯದಲ್ಲ, ತಿರುಪಿಗೂ ಅಲ್ಲ.

ಬ್ಯಾಟರಿಯೇ ಬರಲಿ ಎನ್ನುವವರ ವಾದ ಬ್ಲೋವರಿನ ಮಟ್ಟಿಗೆ ಗೆದ್ದಿದೆ ಎಂದೇ ನನ್ನ ಎಣಿಕೆ. ಎಲೆ ಊದುವುದಕ್ಕೆ ಟೂ ಸ್ಟ್ರೋಕ್ ಬೇಕೆನ್ನುವುದನ್ನು ಇನ್ನು ಒಪ್ಪಿಸುವುದು ಕಷ್ಟ. ಮನೆಯವರು ವರ್ಷಕ್ಕೊಮ್ಮೆ ಕೊಂಬೆ ಕತ್ತರಿಸುವ ಸಣ್ಣ ಗರಗಸವೂ ಬ್ಯಾಟರಿಯದೇ ಸಾಕು. ದೊಡ್ಡ ಗರಗಸ ಬೇರೆ. 45 ಸಿಸಿ ಮತ್ತು ಮೇಲಿನ ಗರಗಸಗಳನ್ನು ಕೇಂದ್ರದ ಕಾನೂನು ಕೃಷಿ ಮತ್ತು ನಿರ್ಮಾಣ ಯಂತ್ರಗಳ ಸಾಲಿಗೆ ಸೇರಿಸಿದೆ, ಹಾಗಾಗಿ ಕ್ಯಾಲಿಫೋರ್ನಿಯಾ ಕೂಡ ಅವುಗಳ ಹೊಗೆಗೆ ಸ್ವಂತ ಮಿತಿ ಹಾಕುವಂತಿಲ್ಲ. ವಾಷಿಂಗ್ಟನ್ನಿನ ಕಾನೂನು ಗರಗಸದ ಗೊಡವೆಗೇ ಹೋಗಿಲ್ಲ. ಇನ್ನೂ ಬಹುಕಾಲ ಇವು ಪೆಟ್ರೋಲಿನಿಂದಲೇ ಓಡುತ್ತವೆ. ಏಕೆ ಎಂಬುದನ್ನು 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ತೋರಿಸಿತು. ನಾರ್ತ್ ಕ್ಯಾರೊಲಿನಾದ ಪಶ್ಚಿಮ ಬೆಟ್ಟಗಳಲ್ಲಿ ಎಂಟು ಲಕ್ಷ ಎಕರೆಗೂ ಹೆಚ್ಚು ಕಾಡಿಗೆ ಪೆಟ್ಟುಬಿತ್ತು, ಆಶ್‌ವಿಲ್ ಸುತ್ತಮುತ್ತ ರಸ್ತೆಗಳೆಲ್ಲ ಮರ ಬಿದ್ದು ಮುಚ್ಚಿದವು. ಕರೆಂಟು ದಿನಗಟ್ಟಲೆ ಇರಲಿಲ್ಲ. ಬ್ಯಾಟರಿಗೆ ಚಾರ್ಜ್ ಎಲ್ಲಿಂದ? ಬಂಕಿನ ಪಂಪೂ ಕರೆಂಟಿಲ್ಲದೆ ಓಡುವುದಿಲ್ಲ. ಅಟ್ಲಾಂಟಾ, ಕ್ಯಾರೊಲಿನಾ, ವಾಷಿಂಗ್ಟನ್ ಮೂರಕ್ಕೂ ಹೆಚ್ಚಿನ ಪೆಟ್ರೋಲ್ ತರುವುದು ಟೆಕ್ಸಸ್‌ನಿಂದ ಹೊರಟ ಕಲೋನಿಯಲ್ ಪೈಪ್‌ಲೈನ್. 2021ರ ಮೇ ತಿಂಗಳಲ್ಲಿ ಹ್ಯಾಕರುಗಳು ಕಂಪನಿಯ ಕಂಪ್ಯೂಟರುಗಳಿಗೆ ನುಗ್ಗಿ ಅದು ಕೆಲವೇ ದಿನ ನಿಂತಾಗ ಈ ಊರುಗಳ ಎಷ್ಟೋ ಬಂಕುಗಳು ಬರಿದಾದವು. ಇಂಥ ಸೀಮೆಯಲ್ಲಿ ಅಗ್ನಿಶಾಮಕ ಠಾಣೆ, ಚರ್ಚಿನ ಸ್ವಯಂಸೇವಕರ ತಂಡ, ಬೆಟ್ಟದ ಮನೆಗಳ ಕಪಾಟಿನಲ್ಲಿ ವರ್ಷಗಟ್ಟಲೆ ಕೆಡದ ನಾಲ್ಕು ಡಬ್ಬಿ ಇದ್ದರೆ ಅದು ಐಷಾರಾಮವಲ್ಲ.

  

ಉಳಿದದ್ದು ದುಡ್ಡು. ಬಂಕಿನ ಪೆಟ್ರೋಲಿಗೆ ಆಯಿಲ್ ಬೆರೆಸಿದರೆ ಗ್ಯಾಲನ್ನಿಗೆ ನಾಲ್ಕೈದು ಡಾಲರ್. ಕ್ವಾರ್ಟ್ ಡಬ್ಬಿಯಲ್ಲಿ ಕೊಂಡರೆ ಗ್ಯಾಲನ್ನಿಗೆ ಮೂವತ್ತರ ಹತ್ತಿರ, ಐದು ಗ್ಯಾಲನ್ನಿನ ಡಬ್ಬದಲ್ಲಾದರೆ ಇಪ್ಪತ್ತರ ಮೇಲೆ. ವರ್ಷಕ್ಕೆ ಒಂದೆರಡು ಕ್ವಾರ್ಟ್ ಸುಡುವ ಮನೆಯವನಿಗೆ ಇದು ಲೆಕ್ಕವೇ ಅಲ್ಲ. ಒಂದು ಸಲದ ಕಾರ್ಬೊರೇಟರ್ ರಿಪೇರಿಯಲ್ಲಿ ನಾಲ್ಕು ವರ್ಷದ ಡಬ್ಬಿ ಬರುತ್ತದೆ. ದಿನವಿಡೀ ಗರಗಸ ಹಿಡಿಯುವ ಆಳಿಗೆ ದಿನಕ್ಕೆ ಗ್ಯಾಲನ್ ಎಂದಿಟ್ಟುಕೊಂಡರೆ ಇಪ್ಪತ್ತು ಡಾಲರಿನಷ್ಟು ಹೆಚ್ಚು. ಅಟ್ಲಾಂಟಾದ ಹಿತ್ತಲಿನಲ್ಲಿ ದೊಡ್ಡ ಓಕ್ ಮರ ಇಳಿಸಲು ಎರಡು ಮೂರು ಸಾವಿರ ಡಾಲರ್ ಕೇಳುವುದು ಸಾಮಾನ್ಯ. ಆ ಬಿಲ್ಲಿನಲ್ಲಿ ಇಪ್ಪತ್ತು ಡಾಲರ್ ಕಣ್ಣಿಗೆ ಬೀಳುವುದಿಲ್ಲ. ತೊಡಕು ಇರುವುದು ಎಲ್ಲೆಂದರೆ, ದುಡ್ಡು ಹೋಗುವುದು ಮಾಲೀಕನ ಜೇಬಿನಿಂದ, ಲಾಭ ಆಗುವುದು ಆಳಿನ ರಕ್ತಕ್ಕೆ. ಅದೂ ಇಪ್ಪತ್ತು ಮೂವತ್ತು ವರ್ಷದ ಮೇಲೆ, ಅಷ್ಟರಲ್ಲಿ ಆತ ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಇರುತ್ತಾನೆ. ಪಕ್ಕದ ಕಂಪನಿ ಬಂಕಿನ ಪೆಟ್ರೋಲಿನಲ್ಲೇ ಓಡಿಸುವಾಗ ಒಬ್ಬನೇ ಮಾಲೀಕ ಒಳ್ಳೆಯವನಾಗಿರಲಿ ಎಂದು ಕಾಯುವುದು ನಿರರ್ಥಕ.

ಕೆಲಸ ಕೊಡುವವನು ಷರತ್ತು ಹಾಕಿದರೆ ಈ ತೊಡಕು ಬಿಡುತ್ತದೆ. ಈ ಸೀಮೆಯಲ್ಲಿ ಮರ ಕಡಿಸುವ ದೊಡ್ಡ ಧಣಿಗಳು ಬೆರಳೆಣಿಕೆಯವರು: ತಂತಿಯ ಕೆಳಗಿನ ಕೊಂಬೆ ತೆಗೆಸುವ ಡೊಮಿನಿಯನ್, ಡ್ಯೂಕ್, ಜಾರ್ಜಿಯಾ ಪವರ್ ಎಂಬ ವಿದ್ಯುತ್ ಕಂಪನಿಗಳು, ರಸ್ತೆ ಇಲಾಖೆಗಳು, ಕೌಂಟಿಗಳು, ರಾಷ್ಟ್ರೀಯ ಉದ್ಯಾನಗಳು. ಗುತ್ತಿಗೆದಾರನ ತಲೆಯ ಮೇಲೆ ಯಾವ ಹೆಲ್ಮೆಟ್ ಇರಬೇಕು, ಕಾಲಿಗೆ ಯಾವ ರಕ್ಷಾಕವಚ ಇರಬೇಕೆಂದು ಇವರ ಟೆಂಡರುಗಳಲ್ಲಿ ಬರೆದಿರುತ್ತದೆ. ಅದೇ ಪುಟದಲ್ಲಿ ಟ್ಯಾಂಕಿನ ಎಣ್ಣೆಯ ಬೆಂಜೀನ್ ಶೇ. 0.1 ಮೀರಬಾರದೆಂದು ಇನ್ನೊಂದು ಸಾಲು ಸೇರಿಸಿದರೆ ಎಲ್ಲ ಗುತ್ತಿಗೆದಾರರೂ ಒಂದೇ ದರದಲ್ಲಿ ಲೆಕ್ಕ ಹಾಕಿಕೊಳ್ಳುತ್ತಾರೆ, ಡ್ರಮ್ಮಿನಲ್ಲಿ ತರಿಸಿದಾಗ ಬೆಲೆಯೂ ಇಳಿಯುತ್ತದೆ. ಇದಕ್ಕೆ ವರ್ಜೀನಿಯಾದ ಕೌಂಟಿಗಳು ರಾಜ್ಯದ ಅಪ್ಪಣೆಗಾಗಿ ಕಾಯಬೇಕಿಲ್ಲ, ಯಾರಿಗೂ ಏನನ್ನೂ ನಿಷೇಧಿಸುತ್ತಿಲ್ಲವಲ್ಲ. ಜಾರ್ಜಿಯಾದ 2023ರ ಕಾನೂನೂ ಅಡ್ಡ ಬರುವುದಿಲ್ಲ. ಅದು ಮಾತಾಡುವುದು ಎಲೆ ಊದುವ ಯಂತ್ರದ ಬಗ್ಗೆ, ಗರಗಸದ ಬಗ್ಗೆ ಅಲ್ಲ.